ಮಂಗೋಲಿಯಾದ ಕಿಟಕಿಯಲ್ಲಿ ಕಪ್ಪಾದ ಬಾಳೆಹಣ್ಣು

ಕಮಲಾಪುರ

ಕಲಬುರಗಿ ಬಿಸಿಲಿನಲ್ಲಿ ಹುಟ್ಟಿ ಬೆಳೆದವರಿಗೆ ತಂಪು ಅಂದರೆ ಪುಣ್ಯದ ಕೆಲಸ. ಶಹಾಬಜಾರದ ನಮ್ಮ ಹಳೇ ಮನೆಯಲ್ಲಿ ಯಾರೇ ಬಂದರೂ ನಮ್ಮ ಆಯಿ ಮೊದಲು ಕೊಡುತ್ತಿದ್ದದ್ದು ಮಣ್ಣಿನ ಹರವಿಯೊಳಗಿನ ತಣ್ಣನೆಯ ನೀರು. ಯಾರು, ಏನು, ಯಾಕೆ ಬಂದದ್ದು ಎಂಬ ವಿಚಾರಣೆಯೆಲ್ಲ ಆಮೇಲೆ. ಇಂಥ ಊರಿನಲ್ಲಿ ನಿಂತು ತಂಪಿನಿಂದಲೂ ಕೆಡುಕಾಗುತ್ತದೆ ಅಂದರೆ ಯಾರು ನಂಬಿಯಾರು? ನಾನು ಮಂಗೋಲಿಯಾದಂಥ ದೇಶಕ್ಕೆ ಹೋಗಿಬಂದದ್ದು ಯಾರೂ ನಂಬದ ಆ ಮಾತಿನ ಬೆನ್ನುಹತ್ತಿ.

ಕಮಲಾಪುರದ ಆಚೆಗಿನ ಒಂದು ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡುವ ಕೋಣೆ ನನ್ನ ಕೈಯಲ್ಲಿದೆ. ಕೂಸುಗಳ ಲಸಿಕೆಗೆ ಬಿಸಿಲು ಆಗಿಬರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಐದು ರೋಗಕ್ಕೆಂದು ತೊಡೆಗೆ ಚುಚ್ಚುತ್ತೇವಲ್ಲ, ಆ ಲಸಿಕೆಗೆ ಬರ್ಫವೂ ಆಗಿಬರುವುದಿಲ್ಲ. ಪೋಲಿಯೊ ಹನಿ ಗಡ್ಡೆ ಕಟ್ಟಿದರೂ ತಡೆದುಕೊಳ್ಳುತ್ತದೆ. ಇದು ಒಮ್ಮೆ ಗಡ್ಡೆ ಕಟ್ಟಿತೋ, ಸತ್ತಂತೆ. ಕರಗಿದ ಮೇಲೆ ಅದೇ ಬಿಳಿ ಬಣ್ಣ, ಅದೇ ಸೀಸೆ. ಸುಮ್ಮನೆ ನೋಡಿದರೆ ಏನೂ ತಿಳಿಯುವುದಿಲ್ಲ. ಸೂಜಿ ಚುಚ್ಚಿದ್ದು ಖರೆ, ಕೂಸು ಅತ್ತಿದ್ದು ಖರೆ, ಔಷಧಿ ಮಾತ್ರ ಸುಳ್ಳು.

ಅದಕ್ಕೇ ನಮಗೊಂದು ನಿಯಮವಿದೆ. ಹಳ್ಳಿಗೆ ಲಸಿಕೆ ಒಯ್ಯುವ ಡಬ್ಬಿಯೊಳಗೆ ಬರ್ಫದ ಪ್ಯಾಕುಗಳನ್ನು ಫ್ರೀಜರಿನಿಂದ ತೆಗೆದ ಕೂಡಲೇ ಇಡಬಾರದು. ಮೇಜಿನ ಮೇಲೆ ಹರವಿ, ಅವು ಬೆವರುವ ತನಕ ಕಾಯಬೇಕು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನಬೇಕು. ಆಗ ಮಾತ್ರ ಡಬ್ಬಿಗೆ.

ಕಾಯುವುದು, ಅಷ್ಟೇ ವಿದ್ಯೆ. ಆದರೆ ಕಲಬುರಗಿ ಆಫೀಸಿನಲ್ಲಿ ಕೂತು ಎಲ್ಲ ಕೇಂದ್ರಗಳನ್ನೂ ಆಳುವ ನಮ್ಮ ಸಾಹೇಬರ ಆಳ್ವಿಕೆಯಲ್ಲಿ ಕಾಯುವುದಕ್ಕೆ ಜಾಗವೇ ಇರಲಿಲ್ಲ. ಮುಂಜಾನೆ ಬಾಗಿಲು ತೆಗೆದ ಕೂಡಲೇ ಡಬ್ಬಿ ಮೋಟರ್‌ಸೈಕಲ್ ಮೇಲೆ ಏರಬೇಕು, ಏರಿದ್ದರ ಫೋಟೊ ವಾಟ್ಸಾಪ್ ಗ್ರೂಪಿಗೆ ಬೀಳಬೇಕು. ಯಾವ ಕೇಂದ್ರದ ಫೋಟೊ ಮೊದಲು ಬಂತೋ ಅದಕ್ಕೆ ಸಾಹೇಬರ ಹೆಬ್ಬೆರಳು. ತಡವಾದವರಿಗೆ ಫೋನು.

ಡಬ್ಬಿ ಒಯ್ಯುವವನು ಶರಣಪ್ಪ. ನಲವತ್ತು ದಾಟಿದ ಮನುಷ್ಯ, ಅಣ್ಣನದು ಕಮಲಾಪುರದ ಹೊಲದಲ್ಲಿ ಕೆಂಪು ಬಾಳೆಯ ತೋಟ, ಇವನ ಪಾಲಿಗೆ ಬಂದದ್ದು ಒಂದು ಮೋಟರ್‌ಸೈಕಲ್ ಮತ್ತು ಗುತ್ತಿಗೆಯ ಈ ನೌಕರಿ. ಹೋದ ಬೇಸಿಗೆಯಲ್ಲಿ ಒಮ್ಮೆ ಡಬ್ಬಿ ಬೆಚ್ಚಗಾಗಿತ್ತೆಂದು ಸಾಹೇಬರು ಅವನನ್ನು ತಾಯಂದಿರ ಮುಂದೆಯೇ ನಿಲ್ಲಿಸಿ ಕೇಳಿದ್ದರು: "ಏನೋ, ಔಷಧಿ ಒಯ್ತೀಯೋ, ಚಾ ಒಯ್ತೀಯೋ?" ಅಂದಿನಿಂದ ಶರಣಪ್ಪ ಬರ್ಫವನ್ನು ದೇವರಂತೆ ನಂಬಿದ. ಡಬ್ಬಿಗೆ ನಾಲ್ಕೂ ಕಡೆ ಕಲ್ಲಿನಂಥ ಪ್ಯಾಕು ತುರುಕುವನು.

"ಶರಣಪ್ಪ, ಜರಾ ತಡಿಯೋ, ಅವು ಬೆವರಲಿ," ಅಂತ ನಾನು.

"ತಡದ್ರ ಫೋಟೊ ತಡಾ ಆಗ್ತದ್ರಿ ಅಕ್ಕೋರ. ಸಾಹೇಬ್ರಿಗೆ ನೀವು ಹೇಳ್ತೀರೇನು?"

ಹೇಳಿದೆ. ಒಂದು ಸಲವಲ್ಲ, ಹಲವು ಸಲ. "ಗಂಗಾಬಾಯಿ, ಬರ್ಫ ಕರಗೂದು ಕಾಯ್ಕೋತ ಕುಂತ್ರ ಸರಕಾರ ನಡೀತದೇನ್ರಿ?" ಅಂದು ಫೋನ್ ಇಟ್ಟರು.

ಮಾರ್ಚ್ ಶುರುವಿನಲ್ಲಿ ಮೇಲಿನ ಆಫೀಸಿನವರೊಬ್ಬರು ಹಳ್ಳಿಯೊಂದಕ್ಕೆ ತಪಾಸಣೆಗೆ ಬಂದರು. ಶರಣಪ್ಪನ ಡಬ್ಬಿ ತೆಗೆದರೆ ಸೀಸೆಗಳೊಳಗೆ ಲಸಿಕೆ ಗಡ್ಡೆ ಕಟ್ಟಿತ್ತು. ಕೂಸುಗಳನ್ನು ಎತ್ತಿಕೊಂಡು ಬಂದ ತಾಯಂದಿರನ್ನು ವಾಪಸು ಕಳಿಸಿದರು, ಸೀಸೆಗಳನ್ನೆಲ್ಲ ಚೆಲ್ಲಿಸಿದರು. ಅದಕ್ಕೂ ಹಿಂದಿನ ವಾರಗಳಲ್ಲಿ ಎಷ್ಟು ಸಲ ಹೀಗಾಗಿ, ಹಳ್ಳಿ ಮುಟ್ಟುವಷ್ಟರಲ್ಲಿ ಕರಗಿ ಬಿಳಿಯಾಗಿ ಕೂತಿತ್ತೋ, ಎಷ್ಟು ತೊಡೆಗಳಿಗೆ ಆ ಸುಳ್ಳು ಇಳಿಯಿತೋ, ಯಾರು ಹೇಳಬೇಕು? ಆ ಕೂಸುಗಳನ್ನು ಮತ್ತೆ ಕರೆಸೋಣ ಅಂದೆ. ಗದ್ದಲ ಮಾಡಬೇಡಿ ಅಂದರು ಸಾಹೇಬರು. ಗದ್ದಲವಾಗದಂತೆ ತಪ್ಪು ಹೊರಲು ಒಬ್ಬ ಬೇಕಲ್ಲ. ಶರಣಪ್ಪನನ್ನು ತೆಗೆಯುವ ಮಾತು ಶುರುವಾಯಿತು.

ಅಷ್ಟರಲ್ಲಿ ಈ ಮಂಗೋಲಿಯಾ ಬಂತು. ಲಸಿಕೆ ಹೆಪ್ಪುಗಟ್ಟದಂತೆ ಕಾಪಾಡುವ ಬಗ್ಗೆ ಹೊರದೇಶದ ಸಂಸ್ಥೆಯೊಂದು ಅಲ್ಲಿ ತರಬೇತಿ ಇಟ್ಟಿತ್ತು. ಮೊದಲು ಬರೆದದ್ದು ಸಾಹೇಬರ ಹೆಸರು. ಅಲ್ಲಿ ಮಾರ್ಚಿನಲ್ಲೂ ಮೂಗಿನ ಉಸಿರು ಮೀಸೆಯ ಮೇಲೆ ಗಡ್ಡೆ ಕಟ್ಟುತ್ತದೆಂದು ಯಾರೋ ಹೇಳಿದರು. "ಸಿಂಗಾಪುರ ಇದ್ದಿದ್ರ ನೋಡಬಹುದಿತ್ತು," ಅಂದು ಅವರು ಹಿಂದೆ ಸರಿದರು. ಮೀಸೆಯಿಲ್ಲದ ನನ್ನ ಹೆಸರು ಹೋಯಿತು.

ಹೊರಡುವ ಮುಂಚೆ ಸಾಹೇಬರ ಮುಂದೆ ನಿಂತೆ. "ಸರ್, ಅಲ್ಲಿ ಹೊಸಾ ನಮೂನಿ ಡಬ್ಬಿ ತೋರಿಸ್ತಾರಂತ. ಬರ್ಫ ಹಂಗೇ ಇಟ್ರೂ ಲಸಿಕಿ ಗಡ್ಡಿ ಕಟ್ಟಂಗಿಲ್ಲಂತ. ಅದನ್ನ ತಂದ್ರ ಶರಣಪ್ಪನ ಗತಿ?"

"ತರ್ರಿ. ನೀವು ಬರೂತನಕ ಅವನ್ನ ಮುಟ್ಟಂಗಿಲ್ಲ. ಡಬ್ಬಿ ಬಂದ್ರ ಅವನೇ ಒಯ್ಯಲಿ. ಆತಿಲ್ಲೋ?"

ಮಾತು ಕೊಟ್ಟರು. ಶರಣಪ್ಪ ಅದನ್ನು ಕೇಳಿ, ಸಂಜೆ ಮನೆಗೆ ಕೆಂಪು ಬಾಳೆಯ ದೊಡ್ಡದೊಂದು ಚಿಪ್ಪು ತಂದ. "ಅಲ್ಲೀ ಮಂದಿಗೆ ಕೊಡ್ರಿ ಅಕ್ಕೋರ, ನಮ್ಮೂರ ಹೆಸರು ಹೇಳಿ. ಫ್ರಿಜ್ಜಿನಾಗ ಮಾತ್ರ ಇಡಬ್ಯಾಡ್ರಿ, ಕರ್ರಗಾಗ್ತಾವ."

ಉಲಾನ್‌ಬಾತರ್

ವಿಮಾನದಿಂದ ಇಳಿದ ಕೂಡಲೇ ತಿಳಿಯಿತು: ಇದು ಊರಲ್ಲ, ನನ್ನ ಕೋಣೆಯ ಫ್ರೀಜರು. ಅದರೊಳಗೆ ಮನುಷ್ಯರು ಬಸ್ಸು ಹತ್ತುತ್ತಿದ್ದಾರೆ, ಕೂಸುಗಳನ್ನು ಶಾಲೆಗೆ ಬಿಡುತ್ತಿದ್ದಾರೆ, ನಿಂತು ಜಗಳವಾಡುತ್ತಿದ್ದಾರೆ. ನಾನು ಸೀರೆಯ ಮೇಲೆ ಎರಡು ಸ್ವೆಟರು, ಅದರ ಮೇಲೆ ಕಲಬುರಗಿಯಲ್ಲಿ ಯಾರ ಯಾರ ಮನೆಯಿಂದಲೋ ಬೇಡಿ ತಂದ ಕೋಟು ಹಾಕಿಕೊಂಡು ಗುಡಾಣದ ಹಾಗೆ ಕಾಣುತ್ತಿದ್ದೆ. ಕಾಲಿನ ಬಗ್ಗೆ ಮಾತ್ರ ಯಾರಿಗೂ ನೆನಪಾಗಿರಲಿಲ್ಲ. ಚಪ್ಪಲಿ, ಒಳಗೆ ಕಾಲುಚೀಲ.

ಕಸ್ಟಮ್ಸಿನವನು ನನ್ನ ಚೀಲ ತೆಗೆದ. ಖಡಕ್ ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದ. ತಿನ್ನುವುದು ಅಂತ ಬಾಯಿಗೆ ಕೈಮಾಡಿ ತೋರಿಸಿದೆ. ಅವನು ನನ್ನ ಹಲ್ಲು ನೋಡಿದ. ಶೇಂಗಾ ಹಿಂಡಿಯ ಖಾರಪುಡಿ ಡಬ್ಬಿ ಮೂಸಿ ಸೀನಿದ. ಬಾಳೆಹಣ್ಣು ಕಂಡಾಗ ಮುಖ ಅರಳಿತು. ಕೆಂಪು ಬಾಳೆ ಅವನು ಕಂಡೇ ಇರಲಿಲ್ಲ. ಪಕ್ಕದವನನ್ನು ಕರೆದು ತೋರಿಸಿದ, ಅವನು ಇನ್ನೊಬ್ಬನನ್ನು ಕರೆದ, ಮೂವರೂ ಮಾತಾಡಿಕೊಂಡು ನನ್ನನ್ನು ಬಿಟ್ಟರು.

ಕರೆಯಲು ಬಂದವಳು ಒಯುನ್. ನನ್ನದೇ ವಯಸ್ಸು, ನನ್ನದೇ ಕೆಲಸ, ನನ್ನದಕ್ಕಿಂತ ಅಗಲವಾದ ನಗೆ. ಅವಳ ಇಂಗ್ಲಿಷೂ ಕುಂಟು, ನನ್ನ ಇಂಗ್ಲಿಷೂ ಕುಂಟು. ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದು ನಡೆದೆವು. ನನ್ನ ಚಪ್ಪಲಿ ನೋಡಿ ಅವಳು ಕೂಗಿದ ಒಂದು ಶಬ್ದ ಯಾವ ಭಾಷೆಯಲ್ಲಾದರೂ ಬೈಗುಳವೇ. ಕಾರಿನ ಹಿಂದಿನಿಂದ ತನ್ನ ಉಣ್ಣೆಯ ಬೂಟು ತೆಗೆದು ನನಗೆ ತೊಡಿಸಿದಳು. ಅಕ್ಕ ತಂಗಿಯಾದದ್ದು ಅಲ್ಲಿಯೇ.

ಅವಳು ಕೆಲಸ ಮಾಡುವ ಕಡೆ ಮೊದಲು ಚಹಾ ಬಂತು. ಬಿಳಿ, ಬಿಸಿ, ದೊಡ್ಡ ಬಟ್ಟಲು. ಒಂದು ಗುಟುಕು ಕುಡಿದೆ. ಉಪ್ಪು! ಸಕ್ಕರೆಯ ಬದಲು ತಪ್ಪಿ ಉಪ್ಪು ಹಾಕಿದ್ದಾರೆಂದು ಮರ್ಯಾದೆಗೆ ಸುಮ್ಮನೆ ಕುಡಿದೆ. ಬಟ್ಟಲು ಖಾಲಿಯಾದದ್ದು ಕಂಡು ಒಯುನ್ ಖುಷಿಯಿಂದ ಮತ್ತೆ ತುಂಬಿದಳು. ಮೂರನೆಯದಕ್ಕೆ ಕೈ ಅಡ್ಡ ಹಿಡಿದೆ. ಉಪ್ಪೇ ಅಲ್ಲಿಯ ಪದ್ಧತಿ ಅಂತ ರಾತ್ರಿ ತಿಳಿಯಿತು. ಊರಿನಲ್ಲಿ ಯಾರಾದರೂ ಉಪ್ಪಿನ ಚಹಾ ಕೊಟ್ಟಿದ್ದರೆ ಮೂರು ತಲೆಮಾರು ಮಾತು ಬಿಡುತ್ತಿದ್ದೆವು.

ಇಳಿದುಕೊಂಡ ಮನೆ ಒಳಗೆ ಮಾತ್ರ ನಮ್ಮ ಮೇ ತಿಂಗಳು. ಊರಿಗೆಲ್ಲ ಒಂದೇ ಕಡೆಯಿಂದ ಬಿಸಿನೀರಿನ ಕೊಳವೆ ಹಾಯಿಸಿ ಗೋಡೆ ಕಾಯಿಸಿದ್ದಾರೆ. ನನ್ನ ಬಾಳೆಹಣ್ಣಿಗೆ ಸೆಕೆ ಹತ್ತಿ ಘಮ ಹಿಡಿಯಿತು. ಮನೆಯೊಡತಿ ಅದನ್ನು ನೋಡಿ ಪಾಪ ಅಂದುಕೊಂಡಿರಬೇಕು. ಅಲ್ಲಿಯ ಕಿಟಕಿಗೆ ಎರಡೆರಡು ಗಾಜು, ನಡುವೆ ಒಂದು ಗೇಣು ಜಾಗ. ಚಳಿಗಾಲದಲ್ಲಿ ಅದೇ ಅವರ ಫ್ರಿಜ್ಜು. ನಾನು ಮಲಗಿದ್ದಾಗ, ದೂರದಿಂದ ತಂದ ಹಣ್ಣು ಕೆಡಬಾರದೆಂದು ಒಂದೊಂದನ್ನೂ ಕೈಯಿಂದ ಒರೆಸಿ ಆ ಗಾಜುಗಳ ನಡುವೆ ಸಾಲಾಗಿ ಇಟ್ಟಳು.

ಬೆಳಗಾಗೆದ್ದು ನೋಡಿದರೆ ಕಮಲಾಪುರದ ಕೆಂಪು ಬಾಳೆ ಇದ್ದಿಲಾಗಿತ್ತು. ಎತ್ತಿದರೆ ಕಟ್ಟಿಗೆ. ಹೊರಗೆ ತಂದಿಟ್ಟ ಮೇಲೆ ಕಪ್ಪು ರಾಡಿ.

ನಾನು ಅತ್ತದ್ದು ಹಣ್ಣಿಗಲ್ಲ. ಮನೆಯೊಡತಿ ಎದೆಗೆ ಕೈಯಿಟ್ಟು ಪದೇಪದೇ ಏನೋ ಹೇಳುತ್ತಿದ್ದಳು. ಒಯುನ್ ಬಂದು ತಿಳಿಸಿದಳು: "ಅವಳು ಒಳ್ಳೆಯದಾಗಲಿ ಅಂತ ಇಟ್ಟಳಂತೆ."

"ಗೊತ್ತು," ಅಂದೆ. "ನಮ್ಮಲ್ಲೂ ಒಬ್ಬ ಒಳ್ಳೆಯದಾಗಲಿ ಅಂತಲೇ ಇಟ್ಟ."

ಶರಣಪ್ಪನ ಕಥೆ ಹೇಳಿದೆ. ಅವಳಿಗೆ ನಂಬಿಕೆಯೇ ಬರಲಿಲ್ಲ. ನಿಮ್ಮ ಊರಿನಲ್ಲಿ ರಸ್ತೆಯ ಡಾಂಬರು ಕರಗುತ್ತದೆ ಅಂದೆಯಲ್ಲ, ಅಲ್ಲಿ ಲಸಿಕೆ ಗಡ್ಡೆ ಕಟ್ಟುವುದು ಹೇಗೆ? ನಗುತ್ತಾ ಕೇಳಿದಳು. ಬಿಸಿಲಿಗೆ ಹೆದರಿ ಅಂದೆ. ನಗುವುದು ನಿಲ್ಲಿಸಿದಳು.

ಹುಲ್ಲುಗಾವಲು

ಪಾಠದ ಕೋಣೆಯಲ್ಲಿ ಹೇಳಿದ್ದು ನಮ್ಮ ನಿಯಮವನ್ನೇ. ಅದನ್ನು ಬರೆಯುವ ಅಗತ್ಯವಿಲ್ಲ. ಬರೆಯಬೇಕಾದದ್ದು ಒಯುನ್ ಜೊತೆ ಕುರಿಗಾರರ ಬಿಡಾರಗಳಿಗೆ ಹೋದ ದಿನದ್ದು.

ಹೊರಡುವ ಮುಂಚೆ ಅವಳು ಒಲೆಯ ಮೇಲೆ ನೀರು ಕಾಯಿಸಿ, ಆರಿಸಿ, ಮೊಣಕೈ ಅದ್ದಿ ನೋಡಿದಳು. ನಮ್ಮ ಆಯಿ ಕೂಸಿಗೆ ಎರೆಯುವ ನೀರನ್ನು ಹೀಗೆಯೇ ನೋಡುತ್ತಿದ್ದಳು. ಆ ಉಗುರುಬೆಚ್ಚಗಿನ ನೀರನ್ನು ಪ್ಯಾಕುಗಳಿಗೆ ತುಂಬಿ ಲಸಿಕೆಯ ಸುತ್ತ ಇಟ್ಟಳು. ನಾವು ಬರ್ಫ ಇಡುವ ಜಾಗದಲ್ಲಿ ಅವರು ಬೆಚ್ಚಗಿನ ನೀರು ಇಡುತ್ತಾರೆ. ಜೀಪಿನ ಡ್ರೈವರು ಅಷ್ಟು ಹೊತ್ತೂ ಸಿಗರೇಟು ಸೇದುತ್ತಾ ಗೋಡೆಗೆ ಒರಗಿ ನಿಂತಿದ್ದ. ಹಾರನ್ ಬಾರಿಸಲಿಲ್ಲ.

"ತಡವಾದರೆ ನಿಮ್ಮ ಸಾಹೇಬರು ಬೈಯುವುದಿಲ್ಲವೇ? ಹೊರಟ ಫೋಟೊ ಕಳಿಸಬೇಡವೇ?" ಅಂತ ಕೇಳಿದೆ.

"ಯಾತರ ಫೋಟೊ?"

"ಡಬ್ಬಿ ಗಾಡಿ ಏರಿದ್ದು."

ಅವಳು ಡ್ರೈವರಿಗೆ ನನ್ನ ಮಾತು ತಿಳಿಸಿದಳು. ಅವನು ಸಿಗರೇಟು ತೆಗೆದು ಏನೋ ಅಂದ. "ಡಬ್ಬಿಗೆ ಮದುವೆ ಇದೆಯೇನು ಅಂತ ಕೇಳುತ್ತಿದ್ದಾನೆ," ಅಂದಳು ಒಯುನ್.

ಬಿಡಾರ ಅಂದರೆ ಉಣ್ಣೆಯ ದುಂಡು ಗುಡಾರ, ನಡುವೆ ಒಲೆ, ತಗ್ಗಾದ ಬಾಗಿಲು. ಹೊಸ್ತಿಲು ತುಳಿಯಬಾರದು ಅಂತ ಒಯುನ್ ಎಚ್ಚರಿಸುವ ಮೊದಲೇ ನಾನು ದಾಟಿ ಒಳಗಿದ್ದೆ. "ಯಾರು ಹೇಳಿಕೊಟ್ಟರು?" ಅಂದಳು. ಶಹಾಬಜಾರದಲ್ಲಿ ಹೊಸ್ತಿಲು ತುಳಿದ ಕಾಲಿಗೆ ಬೀಳುತ್ತಿದ್ದ ಏಟಿನ ವಿಷಯ ಹೇಳಿದೆ. ಆ ಮನೆಯ ಮುದುಕಿ ಅದನ್ನು ಕೇಳಿ ನನ್ನ ಕೆನ್ನೆ ಹಿಂಡಿ, ಕಲ್ಲಿನಂಥ ಒಣಮೊಸರಿನ ತುಂಡು ಬಾಯಿಗೆ ಹಾಕಿದಳು. ಕಸ್ಟಮ್ಸಿನವನು ನನ್ನ ಹಲ್ಲು ಯಾಕೆ ನೋಡಿದನೆಂದು ಆಗ ತಿಳಿಯಿತು.

ಆದರೆ ಆ ಮುದುಕಿ ಮೊದಲು ವಿಚಾರಿಸಿಕೊಂಡದ್ದು ನಮ್ಮನ್ನಲ್ಲ, ಡಬ್ಬಿಯನ್ನು. ಒಲೆಯಿಂದ ಇಷ್ಟು ದೂರ, ಬಾಗಿಲಿನಿಂದ ಇಷ್ಟು ದೂರ ಅಂತ ಕೈಯಿಂದ ಅಳೆದು, ಮನೆಗೆ ಬಂದ ಹಿರಿಯರು ಕೂಡುವ ಕಡೆ ಹಾಸು ಹಾಕಿ ಅದನ್ನು ಕೂಡಿಸಿದಳು. ಆಮೇಲೆ ಒಯುನ್‌ಗೆ, ಆಮೇಲೆ ನನಗೆ ಜಾಗ. ಕೂಸಿಗೆ ಚುಚ್ಚುವ ಹೊತ್ತಿಗೆ ಒಯುನ್ ಡಬ್ಬಿಯಿಂದ ತೆಗೆದ ಸೀಸೆಯನ್ನು ಕೋಟಿನೊಳಗೆ, ತನ್ನ ಎದೆಯ ಹತ್ತಿರ ಹಿಡಿದು ತಂದಳು. ಕೂಸು ಅತ್ತಿತು. ಇಲ್ಲಿ ಅಳುವೂ ಖರೆ, ಔಷಧಿಯೂ ಖರೆ. ನಮ್ಮ ಕೂಸುಗಳೇನು ಇದಕ್ಕಿಂತ ಕಡಿಮೆ ಅತ್ತಿದ್ದವೇ?

ಇವರೇನು ದೇವರಲ್ಲ. ವಾಪಸು ಬರುವಾಗ ಒಯುನ್ ತಾನಾಗಿಯೇ ಹೇಳಿದಳು. ಕೆಲವು ವರ್ಷಗಳ ಹಿಂದೆ ಅವರ ಗಾಡಿಯೊಂದು ದಾರಿಯಲ್ಲಿ ಕೆಟ್ಟು ನಿಂತು, ಲಸಿಕೆಯೆಲ್ಲ ಕಲ್ಲಾಯಿತಂತೆ.

"ಆಮೇಲೆ?"

"ಡ್ರೈವರ್‌ನನ್ನು ತೆಗೆದರು."

ಇಲ್ಲಿಯೂ ಅದೇ ಅಂದುಕೊಂಡೆ. "ಹೊಸಬ ಬಂದ," ಅಂದಳು ಒಯುನ್. "ಅವನ ಕೈಯಲ್ಲೂ ಅದೇ ಗಾಡಿ ಕೆಟ್ಟಿತು. ಆಗ ಗಾಡಿ ಬದಲಿಸಿದರು."

"ಮೊದಲಿನವ?"

ಅವಳು ಕಿಟಕಿಯ ಹೊರಗೆ ನೋಡಿದಳು. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ, ಬರೇ ಬಿಳುಪು.

ಹೊರಡುವ ದಿನ ತರಬೇತಿಯವರು ನಮೂನೆಗೆಂದು ಒಬ್ಬೊಬ್ಬರಿಗೆ ಒಂದು ಡಬ್ಬಿ ಕೊಟ್ಟರು. ಅದರ ಒಳಗೋಡೆ ಜೋಡಿ; ಬರ್ಫಕ್ಕೂ ಸೀಸೆಗೂ ನಡುವೆ ಒಂದು ತಡೆ. ಬರ್ಫವನ್ನು ಫ್ರೀಜರಿನಿಂದ ತೆಗೆದ ಹಾಗೆಯೇ ಇಟ್ಟರೂ ಒಳಗಿನದು ತಂಪಾಗುತ್ತದೆ, ಗಡ್ಡೆ ಕಟ್ಟುವುದಿಲ್ಲ. ಕಾಯಲು ಬಿಡದವರಿಗಾಗಿ ಯಾರೋ ಪುಣ್ಯಾತ್ಮರು ಕಾಯುವುದನ್ನು ಗೋಡೆಯೊಳಗೇ ಕಟ್ಟಿದ್ದರು. ಅದನ್ನು ವಿಮಾನದಲ್ಲಿ ಕೆಳಗೆ ಹಾಕಲು ಮನಸ್ಸು ಬರಲಿಲ್ಲ. ದಿಲ್ಲಿಯ ತನಕ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತವರು ಊಟದ ಡಬ್ಬಿಯೆಂದು ತಿಳಿದು, ಯಾವಾಗ ತೆಗೆಯುತ್ತೀರಿ ಅನ್ನುವ ಹಾಗೆ ನೋಡುತ್ತಿದ್ದರು.

ಕಲಬುರಗಿ

ಊರಿಗೆ ಇಳಿದರೆ ಬಿಸಿಲು ಕೆನ್ನೆಗೆ ಬಡಿಯಿತು. ಇಷ್ಟು ಹಿತವಾದ ಏಟು ಬೇರೆ ಇಲ್ಲ ಅನ್ನಿಸಿತು.

ಆಫೀಸಿನಲ್ಲಿ ನನಗೆ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ. ಸಾಹೇಬರು ನನ್ನ ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತರು. ಆ ಫೋಟೊ ನಾನು ಕೂಡುವುದರೊಳಗೆ ಗ್ರೂಪಿಗೆ ಬಿದ್ದಿತ್ತು. ಹೆಬ್ಬೆರಳುಗಳ ಜಾತ್ರೆ. ಭಾಷಣದಲ್ಲಿ ಮಂಗೋಲಿಯಾದ ಬಗ್ಗೆ, ಹೋಗದವರು ಹೇಳಬಹುದಾದದ್ದನ್ನೆಲ್ಲ ಸಾಹೇಬರೇ ಹೇಳಿದರು. ಡಬ್ಬಿಯನ್ನು ಸ್ವಲ್ಪ ದಿನ ಇಲ್ಲಿಯೇ ಇಟ್ಟುಕೊಂಡು ಪರೀಕ್ಷೆ ಮಾಡಿ ಕಮಲಾಪುರದ ಕಡೆ ಕಳಿಸುತ್ತೇವೆ ಅಂದರು. ಶರಣಪ್ಪನ ಹೆಸರು ಎತ್ತಲು ಬಾಯಿ ತೆಗೆದೆ. ಅಷ್ಟರಲ್ಲಿ ಚಹಾ ಬಂತು, ಸಕ್ಕರೆಯದು.

ಕೇಂದ್ರಕ್ಕೆ ಹೋದ ದಿನ ಮೋಟರ್‌ಸೈಕಲ್ ಹತ್ತಿರ ಬೇರೆ ಯಾರೋ ನಿಂತಿದ್ದರು. ಹೊಸಬ. ಫ್ರೀಜರಿನಿಂದ ಪ್ಯಾಕು ಕಿತ್ತು, ಹೊಗೆಯಾಡುತ್ತಿರುವಾಗಲೇ ಹಳೆಯ ಡಬ್ಬಿಗೆ ತುರುಕುತ್ತಿದ್ದ.

"ಏಯ್ ತಮ್ಮಾ, ಬೆವರೂತನಕ ತಡೀಬೇಕು."

"ನೀವು ತಡೀರಿ ಅಕ್ಕೋರ. ನಾ ಫೋಟೊ ಹೊಡೀತೀನಿ." ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಮೊಬೈಲು. ನಾನು ಸೀಸೆಗಳ ಪೆಟ್ಟಿಗೆ ಕಸಿದು ಫ್ರಿಜ್ಜಿಗೆ ಹಾಕಿ ಬೀಗ ಜಡಿದೆ. ಬರ್ಫ ಬೆವರಿ ಗುಳುಗುಳು ಅಂದ ಮೇಲೆ ಕಳಿಸಿದೆ. ಆ ದಿನ ನಮ್ಮ ಫೋಟೊ ಎಲ್ಲರಿಗಿಂತ ಕೊನೆಗೆ ಹೋಯಿತು. ಮರುದಿನ ಸಾಹೇಬರ ಬುಲಾವು ಬಂತು.

ಅವರ ಕೋಣೆಯಲ್ಲಿ ಮೇಜಿನ ಪಕ್ಕ ನನ್ನ ಡಬ್ಬಿ ಇತ್ತು. ಅದರಿಂದ ನೀರಿನ ಬಾಟಲಿ ತೆಗೆದು ಸಿಪಾಯಿ ನನಗೂ ಒಂದು ಗ್ಲಾಸು ಸುರಿದ.

"ಗಂಗಾಬಾಯಿ, ಬಾಳ ಛಲೋ ಡಬ್ಬಿ ತಂದೀರಿ ನೋಡ್ರಿ," ಅಂದರು ಸಾಹೇಬರು. ಬೈಯಲು ಕರೆದದ್ದು ಮರೆತೇಬಿಟ್ಟಿದ್ದರು. "ಮೊದಲಿನ ಡಬ್ಬ್ಯಾಗ ನೀರು ಬರ್ಫ ಆಗ್ತಿತ್ತು, ಹಲ್ಲು ಝುಂ ಅಂತಿದ್ವು. ಇದರಾಗ ಎಷ್ಟ ಹೊತ್ತಿದ್ರೂ ಸಮಾ ತಂಪು."

"ಸರ್, ಅದು ಶರಣಪ್ಪನ ಸಲುವಾಗಿ ತಂದದ್ದು."

"ಯಾವ ಶರಣಪ್ಪ?"

"ನಮ್ಮ ಕೇಂದ್ರದ ಡಬ್ಬಿ ಒಯ್ಯಾವ," ಅಂದೆ. ಆಗ ಸಾಹೇಬರಿಗೆ ನೆನಪಾಯಿತು. "ಹಾಂ, ಅವನಾ? ನೀವು ಆ ಕಡಿ ಹೋದ ಮರುದಿನಾನೇ ತಗದ್ವಿ. ಮ್ಯಾಲಿನವರು ಕೇಳಾಕತ್ತಿದ್ರು, ಯಾರನ್ನರೆ ತೋರಿಸಬೇಕಾಗಿತ್ತು."

"ನಾ ಬರೂತನಕ ಮುಟ್ಟಂಗಿಲ್ಲ ಅಂದಿದ್ರಿ."

"ಅಂದಿದ್ದೆ ಬಿಡ್ರಿ."

ಒಯುನ್ ಹೇಳಿದ ಇಬ್ಬರು ಡ್ರೈವರುಗಳ ಕಥೆ ಹೇಳಿದೆ. ಎರಡನೆಯವನ ಕೈಯಲ್ಲೂ ಅದೇ ಆಗುತ್ತದೆ ಸರ್, ನಿನ್ನೆಯೇ ಆಗುವುದಿತ್ತು ಅಂದೆ. ಅವರು ಗ್ಲಾಸು ಕೆಳಗಿಟ್ಟು ನಕ್ಕರು. "ಅವರ ಎರಡನೇದಾವ ದಡ್ಡ ಇರಬೇಕ್ರಿ. ನಮ್ಮವ ಹುಷಾರದಾನ. ದಿನಾ ಎಲ್ಲಾರಕಿಂತ ಮೊದಲ ಫೋಟೊ ಅವಂದೇ."

ಆ ನೀರು ಕುಡಿಯಲಿಲ್ಲ. ಆಯಿ ಇದ್ದಿದ್ದರೆ, ಕೊಟ್ಟ ನೀರು ಬಿಟ್ಟು ಎದ್ದದ್ದಕ್ಕೆ ನನಗೆ ಬೈಯುತ್ತಿದ್ದಳೋ, ಆಶೀರ್ವಾದ ಮಾಡುತ್ತಿದ್ದಳೋ ತಿಳಿಯದು.

ಕಪನೂರ

ಶರಣಪ್ಪನನ್ನು ಹುಡುಕಿಕೊಂಡು ಹೋದದ್ದು ಕಪನೂರಿಗೆ. ಅಲ್ಲಿ ವರ್ಕ್‌ಶಾಪುಗಳ ನಡುವೆ ಬಾಳೆಕಾಯಿ ಹಣ್ಣು ಮಾಡುವ ತಂಪು ಕೋಣೆ ಹಾಕಿದ ವ್ಯಾಪಾರಿಯ ಹತ್ತಿರ ಅವನು ಗಾಡಿ ಹೊಡೆಯುತ್ತಿದ್ದ. ಅಣ್ಣನ ತೋಟದ ಗೊನೆಗಳನ್ನು ಹೇರಿಕೊಂಡು ಬಂದು ಬಾಗಿಲ ಮುಂದೆ ನಿಲ್ಲಿಸಿದ್ದ. ಇಳಿಸುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

ನನ್ನನ್ನು ಕಂಡು ಎದ್ದು ನಿಂತ. ಡಬ್ಬಿ ಸಿಕ್ಕಿತೇ ಅಂತ ಕೇಳಿದ. ಸಿಕ್ಕಿತು ಅಂದೆ. ಎಲ್ಲಿದೆ ಅಂದ. ಹೇಳಿದೆ. ಅವನು ಲೋಟದೊಳಗೆ ನೋಡಿದ.

ಒಳಗಿನಿಂದ ವ್ಯಾಪಾರಿ ತಲೆ ಹೊರಗೆ ಹಾಕಿ ಕೂಗಿದ: "ಶರಣಪ್ಪಾ, ಗಡಬಡ ಮಾಡಬ್ಯಾಡಪಾ! ರೂಮು ಇನ್ನಾ ಭಾಳ ತಂಪದ. ಜರಾ ತಡಿ, ಹದಕ್ಕ ಬರಲಿ. ಇನ್ನೊಂದು ಚಾ ಕುಡಿ."

ಆ 'ತಡಿ' ನನ್ನ ಕಿವಿಗೆ ಬಿದ್ದದ್ದು ಅವನಿಗೆ ತಿಳಿಯಿತು. ಸಣ್ಣಗೆ ನಕ್ಕ.

"ಇಲ್ಲಿ ಛಲೋ ಅದ ಬಿಡ್ರಿ ಅಕ್ಕೋರ. ದಿನಾ ತಡಿ ಅಂತಾರ."

"ಅಲ್ಲಿ ನನ್ನ ಬಿಟ್ರ ಒಬ್ಬರೂ ಅನಲಿಲ್ಲಲ್ಲೋ."

"ಹಣ್ಣು ಕರ್ರಗಾದ್ರ ಕಣ್ಣಿಗೆ ಕಾಣ್ತದಲ್ರಿ. ಆ ಲಸಿಕಿ ಕೆಟ್ರೂ ಬೆಳ್ಳಗೇ ಇರ್ತಿತ್ತು." ಲೋಟ ತೊಳೆದು ಬೋರಲು ಹಾಕಿದ. "ನಮ್ಮ ಹಣ್ಣು ತಿಂದು ಏನಂದ್ರು ಅಲ್ಲೀ ಮಂದಿ?"

"ಮೂರು ಮಂದಿ ಕೂಡಿ ನೋಡಿದ್ರಪಾ. ಬಾಳ ಖುಷಿಪಟ್ರು," ಅಂದೆ. ಉಳಿದದ್ದು ಹೇಳಲು ಮನಸ್ಸು ಬರಲಿಲ್ಲ.

ಅವನು ಗಾಡಿಯೊಳಗೆ ತಡಕಾಡಿ, ಹಣ್ಣಾದದ್ದೊಂದು ಚಿಪ್ಪು ಆರಿಸಿ ನನ್ನ ಚೀಲದಲ್ಲಿ ಇಟ್ಟ. ನಾನು ರಸ್ತೆಗೆ ಇಳಿದ ಮೇಲೆ ಹಿಂದಿನಿಂದ ಕೂಗಿದ:

"ಫ್ರಿಜ್ಜಿನಾಗ ಮಾತ್ರ ಇಡಬ್ಯಾಡ್ರಿ ಅಕ್ಕೋರ!"